ಭಾರ ಅನ್ನಬಾರದು

ನೋಡು ಪುಟ್ಟಿ, ಮೊನ್ನೆ ನೀನು ನನ್ನ ಮಂಡಿ ಒತ್ತಿ "ತಾತ, ನೋವಿದೆಯಾ?" ಅಂತ ಕೇಳಿದಾಗ ನಾನು "ಏನಿಲ್ಲ ಹೋಗು" ಅಂದೆ. ನಿನಗೆ ರೇಗಿಹೋಯಿತು. "ನಿಮಗೆಲ್ಲ ಇದೊಂದು ದೊಡ್ಡ ರೋಗ, ನೋವನ್ನ ನೋವು ಅಂತ ಹೇಳೋಕೆ ಬಾಯೇ ಬರಲ್ಲ" ಅಂತ ಬೈದು ಹೋದೆ. ಬೈದದ್ದು ಸರಿಯಾಗಿಯೇ ಇತ್ತು. ಆದರೆ ಅದರ ಹಿಂದೆ ಒಂದು ಕತೆ ಇದೆ. ಮೇಸ್ತ್ರಿಯ ಕತೆ. ಉದ್ದವಿದೆ, ಫೋನಿನಲ್ಲಿ ಮಾತಾಡಿ ತುಂಡು ತುಂಡಾಗಿ ಕಳಿಸುತ್ತೇನೆ. ಅಡುಗೆ ಮಾಡಿಕೊಂಡೋ ಬಟ್ಟೆ ಮಡಚಿಕೊಂಡೋ ಕೇಳು. ಮಧ್ಯೆ ಕೆಮ್ಮಿದರೆ ಸಹಿಸಿಕೋ.

ನಾನು ಲಾರಿ ಓಡಿಸಿ ನಿಮ್ಮಪ್ಪನನ್ನು ಸಾಕಿದೆ ಅನ್ನುವುದು ನಿನಗೆ ಗೊತ್ತು. ಲಾರಿಯಲ್ಲಿ ಏನಿರುತ್ತಿತ್ತು ಅನ್ನುವುದು ಗೊತ್ತಿಲ್ಲ. ಮನೆಗಳು. ಜನ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅವರ ಮಂಚ, ಬೀರು, ಫ್ರಿಜ್, ಹೊಲಿಗೆ ಮೆಷಿನ್, ಅಜ್ಜಿಯ ಕುರ್ಚಿ, ಎಲ್ಲ ಹೊತ್ತು ಇಳಿಸಿ, ಲಾರಿಗೆ ಹಾಕಿ, ಅಲ್ಲಿ ಮತ್ತೆ ಹತ್ತಿಸಿ ಕೊಡುವ ತಂಡ ನಮ್ಮದು. ಎತ್ತುವವರು ಮೂವರು. ತಂಡದ ಯಜಮಾನ ಮೇಸ್ತ್ರಿ. ಎರಡನೆಯವನು ಅವನ ಸ್ವಂತ ತಮ್ಮ. ಅವನನ್ನು ಎಲ್ಲರೂ ತಮ್ಮ ಅಂತಲೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವನ ಹೆಂಡತಿ ಕೂಡ "ಏನು ತಮ್ಮಾ, ಈಗ ಬಂದ್ಯಾ" ಅನ್ನುತ್ತಿದ್ದಳು. ಮೂರನೆಯವನನ್ನು ನಾವು ಉದ್ದ ಅಂತ ಕರೆಯುತ್ತಿದ್ದೆವು. ಬಾಗಿಲ ಚೌಕಟ್ಟಿಗೆ ತಲೆ ಹೊಡೆಸಿಕೊಳ್ಳದೆ ಒಂದು ಮನೆಯನ್ನೂ ಖಾಲಿ ಮಾಡಿಕೊಟ್ಟವನಲ್ಲ ಅವನು. ನಾನು ಡ್ರೈವರ್. ಎತ್ತುವವನಲ್ಲ, ಕೂರುವವನು. ಅದನ್ನು ಅವರು ದಿನಕ್ಕೊಮ್ಮೆಯಾದರೂ ನನ್ನ ಮುಖಕ್ಕೆ ಹೇಳುತ್ತಿದ್ದರು.

ಮೆಟ್ಟಿಲಲ್ಲಿ ಬೀರು ಇಳಿಸುವುದನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದೀಯಾ? ಕೆಳಗೊಬ್ಬ, ಮೇಲೊಬ್ಬ. ತೂಕವೆಲ್ಲ ಕೆಳಗಿನವನ ಮೈಮೇಲೆ. ಮೇಲಿನವನು ಹಿಡಿದುಕೊಂಡು ದಿಕ್ಕು ತಿರುಗಿಸಬೇಕು. ಮೇಸ್ತ್ರಿ ಯಾವಾಗಲೂ ಕೆಳಗೆ, ತಮ್ಮ ಯಾವಾಗಲೂ ಮೇಲೆ. ನಡುವೆ ಬೀರು. ಅಣ್ಣನ ಮುಖ ತಮ್ಮನಿಗೆ ಕಾಣುವುದೇ ಇಲ್ಲ, ದನಿ ಮಾತ್ರ ಕೇಳುತ್ತದೆ. "ಹೂವು, ಹೂವು, ಬಾ, ಸ್ವಲ್ಪ ಎಡಕ್ಕೆ, ಹೂವು." ಲಾರಿಯ ಪಕ್ಕ ಸುಮ್ಮನೆ ನಿಂತ ನನಗೆ ಆ ಮುಖ ಕಾಣುತ್ತಿತ್ತು. ಕತ್ತಿನ ನರ ಹಗ್ಗದ ಹಾಗೆ ಎದ್ದಿರುತ್ತಿತ್ತು. ಕಣ್ಣು ಕೆಂಡ. ದನಿ ಮಾತ್ರ ಮಲಗಿದ ಮಗುವನ್ನು ಎತ್ತಿಕೊಂಡು ಹೋಗುವವನ ದನಿ.

ಯಾಕೆ ಹೂವು ಅಂದರೆ, ನಮ್ಮ ತಂಡದಲ್ಲಿ ಸಾಮಾನಿಗೆ ಕೈ ಹಾಕಿದ ಮೇಲೆ ಯಾರೂ "ಭಾರ" ಅನ್ನುವ ಹಾಗಿರಲಿಲ್ಲ. ಅದು ಮೇಸ್ತ್ರಿಯ ಕಟ್ಟುನಿಟ್ಟು. ಮೊದಲು ಹಾಗಿರಲಿಲ್ಲ. ಒಂದು ಹಳೇ ಕಬ್ಬಿಣದ ತಿಜೋರಿ ಇಳಿಸುವಾಗ ಆ ಮನೆಯ ಯಜಮಾನ ಮೇಲೆ ನಿಂತುಕೊಂಡು, "ಅಯ್ಯಯ್ಯೋ, ಎಂಥಾ ಭಾರ! ನಿಮ್ಮ ಕೈಲಿ ಆಗಲ್ಲ ಬಿಡ್ರಪ್ಪಾ!" ಅಂತ ಕೂಗಿದ. ಅಷ್ಟೇ. ಅದುವರೆಗೂ ಸಲೀಸಾಗಿ ಬರುತ್ತಿದ್ದ ತಿಜೋರಿ ಒಂದೇ ಗಳಿಗೆಯಲ್ಲಿ ಬೆಟ್ಟವಾಯಿತು. ಉದ್ದನ ಕೈ ಸಡಿಲವಾಯಿತು. ಮೇಸ್ತ್ರಿ ಹೆಗಲು ಕೊಟ್ಟು ಗೋಡೆಗೆ ಒತ್ತಿ ಹಿಡಿಯದಿದ್ದರೆ ಒಬ್ಬರಾದರೂ ಹೋಗುತ್ತಿದ್ದರು. ತಿಜೋರಿಯ ತೂಕ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ ಇತ್ತಲ್ಲ, ಹೆಚ್ಚಾದದ್ದು ಒಂದು ಮಾತು ಮಾತ್ರ. ಅವತ್ತಿನಿಂದ ಎಲ್ಲ ಸಾಮಾನೂ ಹೂವು. ಬೀರು ಹೂವು, ಫ್ರಿಜ್ಜು ಹೂವು. ಗಿರಾಕಿ ಹೆಂಗಸು ಯಾರಾದರೂ "ಹುಷಾರಪ್ಪಾ, ತುಂಬಾ ಭಾ..." ಅನ್ನುವಷ್ಟರಲ್ಲಿ ಮೇಸ್ತ್ರಿ, "ಅಮ್ಮಾ, ಒಳಗೆ ಹೋಗಿ ಕೂತ್ಕೊಳ್ಳಿ. ಆ ಮಾತು ನಾವು ಬಾಗಿಲು ದಾಟಿದ ಮೇಲೆ ಆಡ್ಕೊಳ್ಳಿ" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಆದರೆ ಸುಳ್ಳು ಹೇಳಬಾರದು, ಹೂವು ಅಂದಾಗ ಬೀರು ಹಗುರವಾಗಿಯೇ ಇಳಿಯುತ್ತಿತ್ತು. ನಾನೇ ಕಣ್ಣಾರೆ ನೋಡಿದವನು.

ಆಮೇಲೆ ಮೇಸ್ತ್ರಿಗೆ ಸೊಂಟ ಹಿಡಿದುಕೊಂಡಿತು. ಎತ್ತುವವರಿಗೆ ಸೊಂಟ ಹಿಡಿಯುವುದು ಅಂದರೆ ಡ್ರೈವರಿಗೆ ಹೊಟ್ಟೆ ಬರುವ ಹಾಗೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಲಾಮು ಹಚ್ಚಿದರು, ಬಿಸಿನೀರಿನ ಚೀಲ ಇಟ್ಟರು. ಉದ್ದ ಬೆನ್ನ ಮೇಲೆ ಹತ್ತಿ ತುಳಿದ. ಒಂದು ದಿನ ಖಾಲಿ ಹೂಕುಂಡ ಎತ್ತಲು ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟ. ನಾನೇ ಲಾರಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ತಮ್ಮನನ್ನೂ ಮೇಸ್ತ್ರಿಯ ಹೆಂಡತಿಯನ್ನೂ ರೂಮಿಗೆ ಕರೆದಳು. ಮೇಸ್ತ್ರಿಯ ಹೆಂಡತಿಯನ್ನು ನಾನೂ ಅತ್ತಿಗೆ ಅಂತಲೇ ಕರೆಯುತ್ತಿದ್ದೆ. ಬಾಗಿಲು ತೆರೆದೇ ಇತ್ತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

"ಕ್ಯಾನ್ಸರ್. ಬೇರೆ ಕಡೆ ಶುರುವಾಗಿ ಬೆನ್ನುಮೂಳೆಗೆ ಬಂದಿದೆ" ಅಂದಳು ಡಾಕ್ಟರಮ್ಮ. "ಪೂರ್ತಿ ಗುಣ ಮಾಡೋಕೆ ಆಗಲ್ಲ. ಸ್ವಲ್ಪ ಕಾಲ ತಡೆದು ನಿಲ್ಲಿಸಬಹುದು. ಆದ್ರೆ ಒಂದಂತೂ ನಮ್ಮ ಕೈಲಿದೆ. ಅವರಿಗೆ ನೋವಾಗದ ಹಾಗೆ ನೋಡ್ಕೋಬಹುದು. ಈಗ ಒಳ್ಳೊಳ್ಳೆ ಔಷಧಿ ಇದೆ. ಅವರು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

ತಮ್ಮನಿಗೆ ಮೊದಲಿನ ಮಾತು ಕೇಳಿಸಿತು, ಕೊನೆಯ ಮಾತು ಕಿವಿಯ ಹತ್ತಿರಕ್ಕೂ ಹೋಗಲಿಲ್ಲ. ಎದ್ದು ಕೈ ಮುಗಿದ. "ಡಾಕ್ಟ್ರೇ, ನಮ್ಮಣ್ಣನ ಮುಂದೆ ಮಾತ್ರ ಈ ಮಾತು ಆಡ್ಬೇಡಿ. ಒಂದು ಮಾತಿನಲ್ಲಿ ಎಲ್ಲಾ ಇದೆ. ನಮ್ಮ ಕೆಲಸದಲ್ಲಿ ನಾವು ನೋಡಿದ್ದೀವಿ."

"ಅವರು ಆಗಲೇ ನನ್ನ ಕೇಳಿದ್ದಾರೆ, ನಾನು ಹೇಳಿಯೂ ಆಗಿದೆ" ಅಂದಳು ಡಾಕ್ಟರಮ್ಮ. "ಅವರದೇ ಮೈ ಅಲ್ವಾ ಅದು?"

ತಮ್ಮ ಹೊರಗೆ ಬಂದು ನನ್ನ ಭುಜ ಹಿಡಿದ. "ಡ್ರೈವರೇ, ಇವತ್ತಿಂದ ಮನೇಲಿ ಯಾರೂ ಆ ಪದ ಆಡೋ ಹಾಗಿಲ್ಲ. ಕಾಯಿಲೆ ಅನ್ನಬಾರದು, ನೋವು ಅನ್ನಬಾರದು. ಅಣ್ಣ ಹಿಡ್ಕೊಂಡಿದ್ದಾನೆ. ನಾವು ಕೈ ಸಡಿಲ ಮಾಡಬಾರದು."

ಹೀಗೆ ಬೀರಿನ ಕಟ್ಟಳೆ ಮನುಷ್ಯನ ಮೈಮೇಲೆ ಬಂತು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಸಾಯಂಕಾಲ ಕೆಲಸ ಮುಗಿಸಿ, ಕೈಕಾಲು ಕೂಡ ತೊಳೆಯದೆ, ಎಲ್ಲರೂ ನೇರ ಮೇಸ್ತ್ರಿಯ ಮನೆಗೆ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ತಮ್ಮ ಬಾಗಿಲಲ್ಲೇ ಕೂಗುತ್ತಿದ್ದ, "ಅಣ್ಣಾ, ಇವತ್ತು ಹೂವು ಹ್ಯಾಗಿದೆ?" ಮೇಸ್ತ್ರಿ ದಿಂಬಿಗೆ ಒರಗಿಕೊಂಡೇ, "ಹೂವಿಗೇನೋ? ಅರಳ್ತಾ ಇದೆ" ಅನ್ನುತ್ತಿದ್ದ. ಎಲ್ಲರೂ ಹೋ ಅಂತ ನಗುತ್ತಿದ್ದರು. ಆಸ್ಪತ್ರೆಯಲ್ಲೂ ಅದೇ. ಕೂದಲು ಉದುರಿದಾಗ ಉದ್ದ, "ಮೇಸ್ತ್ರೀ, ನಿಮ್ಮ ತಲೆ ಮೇಲೆ ಇನ್ಮೇಲೆ ಏನು ಇಟ್ರೂ ಜಾರುತ್ತೆ" ಅಂದ. ಮೇಸ್ತ್ರಿ, "ನಿನ್ನ ತಲೆಗಿಂತ ವಾಸಿ, ಅದು ಇಡೋಕೂ ಎಟುಕಲ್ಲ" ಅಂದ. ಪಕ್ಕದ ಹಾಸಿಗೆಯ ಮುದುಕ ನಕ್ಕು ನಕ್ಕು ಸೂಜಿ ಕಿತ್ತುಕೊಂಡ. ಆ ಚಿಕಿತ್ಸೆಯ ಮೊದಲ ಸುತ್ತನ್ನು ಮೇಸ್ತ್ರಿ ಹೂವಿನ ಬಲದ ಮೇಲೆಯೇ ದಾಟಿದ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕತೆ ಅಲ್ಲಿಗೇ ನಿಂತಿದ್ದರೆ ನಿನಗೆ ನಾನು ಇದನ್ನೆಲ್ಲ ಹೇಳುತ್ತಲೂ ಇರಲಿಲ್ಲ.

ಬಂದು ಹೋಗುವವರ ಬಾಯಿ ಬೇರೆ. ಒಬ್ಬ ಬಂದು, "ಧೈರ್ಯವಾಗಿರಿ, ಯುದ್ಧ ಗೆಲ್ಲಬೇಕು" ಅನ್ನುತ್ತಿದ್ದ. ಮನುಷ್ಯ ಮೂತ್ರಕ್ಕೆ ಎದ್ದು ಹೋಗಲಾರ, ಇವನು ಯುದ್ಧಕ್ಕೆ ಕಳಿಸುತ್ತಾನೆ. ಇನ್ನೊಬ್ಬಳು ಅತ್ತಿಗೆಯ ಕಿವಿಯಲ್ಲಿ "ಆ ಕಾಯಿಲೆಯಂತೆ ಹೌದಾ?" ಅಂತ ಪಿಸುಗುಟ್ಟುತ್ತಿದ್ದಳು, ಹೆಸರು ಹೇಳಿದರೆ ಅವಳ ನಾಲಿಗೆಗೆ ಅಂಟಿಕೊಳ್ಳುತ್ತದೆ ಅನ್ನುವ ಹಾಗೆ. "ನೀವೇನು ತಪ್ಪು ಮಾಡಿದ್ರೋ" ಅನ್ನುವವರೂ ಇದ್ದರು. ಅವರನ್ನು ಅತ್ತಿಗೆ ಬಾಗಿಲವರೆಗೆ ಹೋಗಿ ಬಿಟ್ಟು ಬರುತ್ತಿದ್ದಳು, ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತೂ ಕೊಡದೆ.

ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಕಾಯಿಲೆ ಜೋರಾಯಿತು. ಮೇಸ್ತ್ರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಆಟೋದಲ್ಲಿ ಬಗ್ಗಿ ಕೂರಲು ಆಗುತ್ತಿರಲಿಲ್ಲ. ಲಾರಿಯ ಸೀಟು ಎತ್ತರ, ಬೆನ್ನು ನೆಟ್ಟಗಿರುತ್ತದೆ. ಪಕ್ಕದಲ್ಲಿ ಕೂತವನು ಮುಂದಿನ ಕಂಬಿ ಹಿಡಿದುಕೊಳ್ಳುತ್ತಿದ್ದ. ರಸ್ತೆಯ ಉಬ್ಬು ಬಂತು ಅಂದರೆ ಅವನ ಬೆರಳು ಬಿಳಿಚಿಕೊಳ್ಳುತ್ತಿತ್ತು. ನಾನು ಆಮೆಯ ಹಾಗೆ ಹೋಗುತ್ತಿದ್ದೆ. ಹಿಂದಿನ ಗಾಡಿಗಳವರು ಹಾರ್ನು ಹೊಡೆದು ನನ್ನ ಅಪ್ಪ ಅಮ್ಮನನ್ನೆಲ್ಲ ನೆನೆಸುತ್ತಿದ್ದರು.

"ನೋವಾಗ್ತಿದೆ ಅಂತ ಹೇಳೋ ಮಹರಾಯ. ಇಲ್ಲಿ ನಿನ್ನ ತಮ್ಮ ಇಲ್ಲ, ಉದ್ದ ಇಲ್ಲ" ಅಂದೆ.

"ನೀನು ರೋಡ್ ನೋಡು."

"ರೋಡ್ ನೋಡ್ತಾನೇ ಇದ್ದೀನಿ. ನಿನ್ನ ಮುಖಾನೂ ಕಾಣ್ತಿದೆ."

"ಹಾಗಾದ್ರೆ ರೋಡ್ ಮಾತ್ರ ನೋಡು" ಅಂದು ಹಲ್ಲು ಕಚ್ಚಿದ. ಸ್ವಲ್ಪ ದೂರ ಹೋದ ಮೇಲೆ, "ಇಲ್ಲಿ ಮುಂದೆ ಇನ್ನೊಂದು ಉಬ್ಬು ಇದೆ ಅಲ್ವಾ?" ಅಂತ ಕೇಳಿದ. ಆ ಒಂದು ಪ್ರಶ್ನೆ ಕೇಳಿ ನನಗೆ ಕಣ್ಣು ಮಂಜಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪ್ರತಿ ಸಲ ಕೇಳುತ್ತಿದ್ದಳು, "ಸೊನ್ನೆಯಿಂದ ಹತ್ತರವರೆಗೆ ಅಂದ್ರೆ, ನೋವು ಎಷ್ಟಿದೆ ಹೇಳಿ." ಕೆಲಸದಿಂದ ನೇರ ಬಂದ ತಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದ. ಮೇಸ್ತ್ರಿ ತಮ್ಮನ ಕಡೆ ಒಂದು ಸಲ ನೋಡಿ, "ಹೂವು ಡಾಕ್ಟ್ರೇ. ಒಂದು ಅಂತ ಬರ್ಕೊಳ್ಳಿ" ಅನ್ನುತ್ತಿದ್ದ. ತಮ್ಮನ ಮುಖ ಅರಳುತ್ತಿತ್ತು. ಡಾಕ್ಟರಮ್ಮ ಅನುಮಾನದಿಂದ ನೋಡುತ್ತಿದ್ದಳು. ಆದರೆ ಹೊರಗೆ ಸಾಲು ನಿಂತಿರುತ್ತಿತ್ತು. ಒಂದು ಅಂದವನಿಗೆ ಒಂದರ ಮಾತ್ರೆ. ತಲೆನೋವಿಗೆ ನೀನು ನುಂಗುತ್ತೀಯಲ್ಲ, ಅಂಥದ್ದು. ಮೂಳೆ ಒಳಗೊಳಗೇ ಪುಡಿಯಾಗುತ್ತಿರುವವನಿಗೆ ಅದನ್ನು ಕೊಟ್ಟು ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮನೆಗೆ ಹೋದಾಗ ಅತ್ತಿಗೆ ಅಡುಗೆಮನೆಯಲ್ಲಿ ಚಾಕು ಹಿಡಿದು ಸುಮ್ಮನೆ ನಿಂತಿದ್ದಳು. ಮುಂದೆ ಅರ್ಧ ಹೆಚ್ಚಿದ ತರಕಾರಿ. ನನ್ನನ್ನು ಕೂರು ಅನ್ನಲೂ ಇಲ್ಲ.

"ಒಂದು ಮಾತು ಕೇಳ್ತೀನಿ ಹೇಳಪ್ಪ" ಅಂದಳು. "ನಾನು ಇವರಿಗೆ ಹೆಂಡತೀನಾ, ಗಿರಾಕೀನಾ?"

"ಯಾಕತ್ತಿಗೇ?"

"ಟವೆಲ್ ಬಾಯಿಗೆ ತುರುಕ್ಕೊಂಡು ಕಚ್ತಾರೆ. ಹೊಲಿಗೆ ಬಿಟ್ಟು ಹೋಗೋ ಹಾಗೆ ಕಚ್ತಾರೆ. ಏನಾಗ್ತಿದೆ ಅಂದ್ರೆ ಹೂವು ಅಂತಾರೆ. ನನ್ನ ಹತ್ರಾನೂ ಹೂವು! ಈ ಮನುಷ್ಯನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದ್ದೀನಿ. ಯಾವ ಮಗ್ಗುಲಿಗೆ ತಿರುಗಿದ್ರೆ ಉಸಿರು ಹಿಡೀತಾರೆ, ಎಲ್ಲಿ ಕೈ ತಾಗಿದ್ರೆ ಬೆಚ್ತಾರೆ, ಎಲ್ಲಾ ಗೊತ್ತು ನನಗೆ. ಆದ್ರೂ ಗೊತ್ತಿಲ್ಲದವಳ ಹಾಗೆ ಇರ್ಬೇಕು. ಬೆನ್ನಿಗೆ ಕೈ ಇಡೋಕೆ ಹೋದ್ರೆ, 'ಯಾಕೆ, ಏನಾಗಿದೆ ನನಗೆ?' ಅಂತ ತಳ್ತಾರೆ. ಏನೂ ಆಗಿಲ್ಲದವರಿಗೆ ಯಾವ ಸೇವೆ ಮಾಡೋದು ನಾನು?"

ಅವತ್ತು ಸಾಯಂಕಾಲ ತಮ್ಮ ಬಂದಾಗ ನಾನು ಅವನನ್ನು ಅಂಗಳದಲ್ಲೇ ತಡೆದೆ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ನಿಮ್ಮಣ್ಣ ನೋವಲ್ಲಿ ಸಾಯ್ತಾ ಇದ್ದಾನೆ ಕಣೋ. ಆ ಹೂವಿನ ನಾಟಕ ನಿಲ್ಸು. ಅವನು ಒಂದು ಸಲ ನೋವು ಅಂದ್ರೆ ಸಾಕು, ಡಾಕ್ಟರಮ್ಮನ ಹತ್ರ ಔಷಧಿ ಇದೆ" ಅಂದೆ.

ತಮ್ಮನ ಮುಖ ಗಂಟಾಯಿತು. "ನೀನು ಎತ್ತೋನಾ, ಕೂರೋನಾ?"

"ಕೂರೋನೇ."

"ಹಾಗಾದ್ರೆ ಕೂತ್ಕೋ. ಮೆಟ್ಟಿಲ ಮಧ್ಯದಲ್ಲಿ ನಿಂತೋನಿಗೆ ಭಾರ ಅಂದ್ರೆ ಏನಾಗುತ್ತೆ ಅಂತ ನಿನಗೇನು ಗೊತ್ತು? ಆ ದೊಡ್ಡ ಔಷಧಿ ಯಾರಿಗೆ ಕೊಡ್ತಾರೆ ಗೊತ್ತಾ? ಮುಗಿದೋರಿಗೆ. ಅಣ್ಣ ಅದನ್ನ ಕೇಳಿದ ದಿನ ಕೈ ಬಿಟ್ಟ ಅಂತ ಅರ್ಥ." ಅವನು ಅಣ್ಣನ ಕಿಟಕಿಯ ಕಡೆ ತಿರುಗಿದ. "ನನಗೆ ಕೆಳಗಿಂದ ಅವನ ದನಿ ಬರ್ಬೇಕು ಡ್ರೈವರೇ. ಆ ದನಿ ನಿಂತ್ರೆ ನಾನು ಎಲ್ಲಿ ಕಾಲಿಡ್ಲಿ?"

ಅವನು ನಾಟಕ ಮಾಡುತ್ತಿರಲಿಲ್ಲ. ಆ ಮಾತು ಹೊರಗೆ ಬಂದರೆ ಅಣ್ಣ ಬೀಳುತ್ತಾನೆ ಅಂತ ಅವನು ನಿಜವಾಗಿಯೂ ನಂಬಿದ್ದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮೇಸ್ತ್ರಿಗೆ ತಾನಾಗಿ ಕೂರಲು ಆಗುತ್ತಿರಲಿಲ್ಲ. ನಾನು ಹಿಂದೆ ನಿಂತು ಬೆನ್ನಿಗೆ ಎದೆ ಕೊಟ್ಟು ಹಿಡಿದಿದ್ದೆ. ಡಾಕ್ಟರಮ್ಮ ಯಥಾಪ್ರಕಾರ ಕೇಳಿದಳು. ಮೇಸ್ತ್ರಿ, "ಒಂದು" ಅಂದ. ಅಂದಾಗ ಅವನ ಬೆನ್ನು ನನ್ನ ಎದೆಯ ಮೇಲೆ ನಡುಗುತ್ತಿತ್ತು.

"ಅವರ ಒಂದನ್ನ ನಂಬಬೇಡಿ ಡಾಕ್ಟ್ರೇ" ಅಂದಳು ಅತ್ತಿಗೆ.

"ಅತ್ತಿಗೇ!" ಅಂತ ತಮ್ಮ ಕಿರುಚಿದ. ಹೊರಗಿನ ಸಾಲಿನಲ್ಲಿ ಕೂತವರೆಲ್ಲ ಒಳಗೆ ಇಣುಕಿದರು.

ಡಾಕ್ಟರಮ್ಮ ತಮ್ಮನನ್ನೂ ಉದ್ದನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದಳು. ನನ್ನನ್ನು ಕಳಿಸಿದರೆ ಮೇಸ್ತ್ರಿ ಒರಗಲು ಗೋಡೆ ಇಲ್ಲ, ಹಾಗಾಗಿ ನಾನು ಉಳಿದೆ. ಅವಳು ಈ ಸಲ ನಂಬರು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಮಂಡಿಯ ಹತ್ತಿರ ಕೂತಳು. "ಮಲಗಿದ್ರೆ ನಿದ್ದೆ ಬರುತ್ತಾ? ಮಗ್ಗುಲು ಬದಲಾಯಿಸೋಕೆ ಆಗುತ್ತಾ? ಹೊಟ್ಟೆ ತುಂಬಾ ಊಟ ಮಾಡಿದ್ದು ನೆನಪಿದೆಯಾ?" ಅಂತ ಒಂದೊಂದೇ ಕೇಳಿದಳು.

ಮೇಸ್ತ್ರಿ ಬಾಗಿಲ ಕಡೆ ನೋಡಿದ. ಬಾಗಿಲ ಕೆಳಗಿನ ಸಂದಿಯಲ್ಲಿ ತಮ್ಮನ ಚಪ್ಪಲಿಯ ನೆರಳು ಕಾಣುತ್ತಿತ್ತು. "ಮೆಲ್ಲಗೆ ಮಾತಾಡಿ ಡಾಕ್ಟ್ರೇ" ಅಂದ. "ಅವನಿಗೆ ಕೇಳಿಸುತ್ತೆ. ನಾನು ಅಂದುಬಿಟ್ರೆ ಅವನು ತಡ್ಕೊಳ್ಳಲ್ಲ. ಚಿಕ್ಕಂದಿನಿಂದ ನನ್ನ ದನಿ ಹಿಡ್ಕೊಂಡೇ ಇಳಿದೋನು ಅವನು."

ನನಗೆ ಆಗ ಅರ್ಥವಾಯಿತು. ಇವನು ಅವನಿಗಾಗಿ ಬಾಯಿ ಕಟ್ಟಿಕೊಂಡಿದ್ದಾನೆ, ಅವನು ಇವನಿಗಾಗಿ. ಮಧ್ಯದಲ್ಲಿ ನೋವು ತನ್ನ ಪಾಡಿಗೆ ತಾನು ಬೆಳೆಯುತ್ತಿದೆ.

ಅತ್ತಿಗೆ ಬಾಗಿಲ ಆಚೆಗೂ ಕೇಳುವ ಹಾಗೆ ಅಂದಳು, "ಭಾರ ಆಗಿದೆ ಡಾಕ್ಟ್ರೇ. ತುಂಬಾ ಭಾರ ಆಗಿದೆ. ಇವರ ಕೈಲಿ ಆಗ್ತಿಲ್ಲ. ನನ್ನ ಕೈಲೂ ಆಗ್ತಿಲ್ಲ."

ಮೇಸ್ತ್ರಿ ಅವಳನ್ನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ತಲೆ ಹಿಂದಕ್ಕೆ ಹಾಕಿ ನನ್ನ ಭುಜದ ಮೇಲೆ ಇಟ್ಟ. ಅವನ ಮೈಯ ಪೂರ್ತಿ ತೂಕ ನನ್ನ ಮೇಲೆ ಬಂದದ್ದು ಅದೇ ಮೊದಲು. ಏನಿತ್ತು ಹೇಳು ತೂಕ? ಎಲ್ಲ ಕರಗಿಹೋಗಿತ್ತು. ಬಾಗಿಲ ಸಂದಿಯಲ್ಲಿದ್ದ ನೆರಳು ಸರಿಯಿತು.

ಔಷಧಿ ಬದಲಾಯಿತು. ಅವತ್ತು ಮನೆಗೆ ಬರುವಾಗ ಲಾರಿಯಲ್ಲೇ ಅವನಿಗೆ ನಿದ್ದೆ ಬಂತು. ಉಬ್ಬುಗಳನ್ನೂ ದಾಟಿ ನಿದ್ದೆ ಮಾಡಿದ. ಮನೆಯಲ್ಲಿ ಒಂದೆರಡು ದಿನ ಮಂಪರು, ಆಮೇಲೆ ತಿಳಿಯಾದ. ನಾನು ಹೋದಾಗ ಅತ್ತಿಗೆ ಮಂಚದ ಮೇಲೆ ಅವನ ಪಕ್ಕ ಕೂತು ಕಾಲು ನೀವುತ್ತಿದ್ದಳು. ಅವನು "ಅಲ್ಲಿ ಅಲ್ಲ ಕಣೇ, ಮೇಲೆ. ಅಯ್ಯೋ, ಅಲ್ಲಿ ನೋಯುತ್ತೆ. ಅಷ್ಟು ಒತ್ಬೇಡ" ಅಂತ ಗೊಣಗುತ್ತಿದ್ದ. ಅವಳು ನನ್ನ ಕಡೆ ತಿರುಗಿ, "ಕೇಳಿದ್ಯಾ? ಎಷ್ಟು ಕಾಟ ಕೊಡ್ತಾರೆ ನೋಡು" ಅಂದಳು. ಆ ಗೊಣಗಾಟ ಕೇಳಿಸಿಕೊಳ್ಳುತ್ತ ಅವಳ ಮುಖದಲ್ಲಿ ಏನೋ ಒಂದು ಬೆಳಕು. ಗಂಡ ವಾಪಸು ಮನೆಗೆ ಬಂದಿದ್ದ, ಅಷ್ಟೇ.

ಬರದೆ ಉಳಿದವನು ತಮ್ಮ. ಆಸ್ಪತ್ರೆಯಿಂದ ಹೋದವನು ಆ ಮನೆಯ ಹೊಸಿಲು ತುಳಿಯಲಿಲ್ಲ. ಉದ್ದನ ಹತ್ತಿರ, "ಅತ್ತಿಗೆ ಕೈ ಬಿಟ್ಟಳು, ಹಿಡ್ಕೊಂಡಿದ್ದವನನ್ನ ಬೀಳಿಸಿದಳು" ಅಂದನಂತೆ. ಉದ್ದನಿಗೆ ಎತ್ತರ ಇದ್ದಷ್ಟು ಬುದ್ಧಿ ಇರಲಿಲ್ಲ, ಅವನು ಅದನ್ನು ಹಾಗೇ ತಂದು ಅತ್ತಿಗೆಯ ಮುಂದೆ ಸುರಿದ. ಅವಳು ಅವನಿಗೆ ಟೀ ಕೊಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲು ಬಹಳ ಹೊತ್ತಾಯಿತು.

ಇನ್ನೂ ಒಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅತ್ತಿಗೆ ಆ ಮಾತು ಆಡಿದ ಮೇಲೆ ಮೇಸ್ತ್ರಿ ಬೇಗ ಬೇಗ ಇಳಿದ. ಊಟ ಕಡಿಮೆಯಾಯಿತು, ದನಿ ಸಣ್ಣದಾಯಿತು. ಮಾತಿನಿಂದ ಇಳಿದನೋ, ಇಳಿಯುವ ಹೊತ್ತಿಗೇ ಮಾತು ಬಂತೋ, ಯಾರು ಹೇಳಬೇಕು? ಡಾಕ್ಟರಮ್ಮನನ್ನು ಕೇಳಿದೆ. "ಕಾಯಿಲೆ ಅದರ ದಾರೀಲಿ ಹೋಗ್ತಿದೆ, ಮಾತಿನಿಂದ ಅಲ್ಲ" ಅಂದಳು. ನನಗೆ ಸಮಾಧಾನವಾಯಿತು. ಅತ್ತಿಗೆಗೆ ಆಗಲಿಲ್ಲ. ಅವಳು ಒಂದು ಸಲ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನು ಸುಮ್ನಿದ್ದಿದ್ರೆ ಇನ್ನೂ ನಾಲ್ಕು ದಿನ ಇರ್ತಿದ್ರೇನೋ ಅಲ್ವಾ?" ಅಂತ ಕೇಳಿದಳು. "ಟವೆಲ್ ಕಚ್ಕೊಂಡು ಇರ್ತಿದ್ದ" ಅಂದೆ. ಅವಳು ತಲೆ ಆಡಿಸಿದಳು. ಒಪ್ಪಿದಳು ಅಂತ ನನಗೆ ಅನ್ನಿಸಲಿಲ್ಲ.

ಮೇಸ್ತ್ರಿ ದಿನಾ ಕೇಳುತ್ತಿದ್ದ, "ತಮ್ಮ ಎಲ್ಲಿ?" ಕೆಲಸ ಜಾಸ್ತಿ ಅಂತ ನಾವು ಹೇಳುತ್ತಿದ್ದೆವು. ಒಂದು ದಿನ ಅವನು, "ಡ್ರೈವರೇ, ನನಗೆ ಈಗ ಸುಳ್ಳು ಕೇಳೋ ಶಕ್ತಿ ಇಲ್ಲ. ಹೋಗಿ ಅವನನ್ನ ಕರ್ಕೊಂಡು ಬಾ. ಬೈಯೋಕಲ್ಲ ಅಂತ ಹೇಳು. ನನ್ನ ಬಾಯಿಂದ ಅವನಿಗೆ ಒಂದು ಸಲ ಹೇಳ್ಬೇಕು. ಇಲ್ಲದಿದ್ರೆ ಅವನು ಬದುಕಿರೋವರೆಗೂ ತಪ್ಪೆಲ್ಲ ನಿಮ್ಮತ್ತಿಗೆ ಮೇಲೆ ಹಾಕ್ತಾನೆ" ಅಂದ.

ತಮ್ಮ ಸಿಕ್ಕಿದ್ದು ಒಂದು ಮೂರು ಅಂತಸ್ತಿನ ಮನೆಯಲ್ಲಿ. ಹೊಸಬರಿಬ್ಬರನ್ನು ಹಾಕಿಕೊಂಡು ಬಟ್ಟೆ ಬೀರು ಇಳಿಸುತ್ತಿದ್ದ. ಈಗ ಅವನು ಕೆಳಗೆ. ಕತ್ತಿನ ನರ ಎದ್ದಿತ್ತು, ಮುಖ ಕೆಂಪಾಗಿತ್ತು. ಬಾಯಿಂದ ಒಂದು ಮಾತಿಲ್ಲ. ಮೇಲಿನವನು, "ಅಣ್ಣಾ, ಬರ್ಲಾ? ಅಣ್ಣಾ, ಹೇಳಿ, ಬರ್ಲಾ?" ಅಂತ ಕೂಗುತ್ತಿದ್ದ. ತಮ್ಮನಿಗೆ ದನಿ ಹೊರಡುತ್ತಿರಲಿಲ್ಲ. ಬೀರು ಕೆಳಗಿಟ್ಟ ಮೇಲೆ ಅವನು ಅದಕ್ಕೇ ಹಣೆ ಹಚ್ಚಿ ನಿಂತ.

ನಾನು ಹೋಗಿ, "ಬಾರೋ" ಅಂದೆ.

"ಅಣ್ಣ ಹೀಗೆ ಹೂವು ಅಂತ ಹ್ಯಾಗೆ ಅಂತಿದ್ದ ಡ್ರೈವರೇ? ಉಸಿರೇ ಸಿಗಲ್ವಲ್ಲ ಇಲ್ಲಿ" ಅಂದ.

"ಅದನ್ನ ಅವನನ್ನೇ ಕೇಳು ಬಾ."

ಬಂದ. ಮನೆ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅವನು ಅವಳ ಮುಖ ನೋಡಲಿಲ್ಲ, ಅವಳು ದಾರಿ ಬಿಟ್ಟಳು. ಮಂಚದ ಹತ್ತಿರ ಹೋಗಿ ನಿಂತ. ಅಣ್ಣ ಎಷ್ಟು ಸಣ್ಣಗಾಗಿದ್ದಾನೆ ಅನ್ನುವುದನ್ನು ಅವನು ಅವತ್ತೇ ನೋಡಿದ್ದು. ಅಭ್ಯಾಸಬಲ, ಬಾಯಿ ತೆರೆದ, "ಅಣ್ಣಾ, ಹೂ..." ಅಂತ. ಮೇಸ್ತ್ರಿ ಕೈ ಎತ್ತಿ ತಡೆದ.

"ಕೂತ್ಕೋ. ಇಲ್ಲಿ, ಹತ್ರ. ನನಗೆ ಜೋರಾಗಿ ಮಾತಾಡೋಕಾಗಲ್ಲ. ನೋಡೋ, ನನಗೆ ನೋವಾಗ್ತಿತ್ತು. ಮೊದಲಿನ ದಿನದಿಂದಲೂ ಆಗ್ತಿತ್ತು. ನಿನಗೆ ಹೆದರಿ ಹೇಳಲಿಲ್ಲ. ನಿಮ್ಮತ್ತಿಗೆ ಹೇಳಿದ್ದು ನನ್ನ ಮಾತು, ಅವಳದ್ದಲ್ಲ."

ತಮ್ಮ ಅಳುತ್ತಾನೆ, ಇಲ್ಲ ಎದ್ದು ಹೋಗುತ್ತಾನೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಇಷ್ಟು ತಿಂಗಳಲ್ಲಿ ನಾವು ಯಾರೂ, ನಾನೂ ಸೇರಿ, ಕೇಳದೇ ಇದ್ದ ಒಂದು ಮಾತು ಕೇಳಿದ.

"ಎಲ್ಲಿ ಅಣ್ಣಾ?"

ಮೇಸ್ತ್ರಿಯ ಮುಖ ನೋಡಬೇಕಿತ್ತು ಪುಟ್ಟಿ ನೀನು. ಯಾರೋ ಕಿಟಕಿ ತೆರೆದ ಹಾಗಾಯಿತು. ಹೊಸ ಮನೆಯಲ್ಲಿ ಗಿರಾಕಿ ನಮಗೆ ಕೋಣೆ ಕೋಣೆ ತೋರಿಸಿ ಇದು ಇಲ್ಲಿ, ಅದು ಅಲ್ಲಿ ಅನ್ನುವುದಿಲ್ಲವಾ, ಹಾಗೆ ತೋರಿಸಲು ಶುರು ಮಾಡಿದ. "ಇಲ್ಲಿ, ಈ ಭುಜದ ಕೆಳಗೆ. ಇದು ಸುಡುತ್ತೆ. ಇಲ್ಲಿ ಪಕ್ಕೆಲುಬು, ಇದು ಕೆಮ್ಮಿದ್ರೆ ಮಾತ್ರ. ಸೊಂಟ, ಇದು ಎಲ್ಲಕ್ಕಿಂತ ಹಳೇದು. ತೊಡೆಯಲ್ಲಿ ಏನೋ ಹರಿದು ಹೋದ ಹಾಗೆ." ತಮ್ಮ ಅವನು ಹೇಳಿದ ಹೇಳಿದ ಕಡೆಯೆಲ್ಲ ಅಂಗೈ ಇಟ್ಟ. ಬೀರು ಹಿಡಿದು ದಪ್ಪಗಾದ ಕೈ, ಬಟ್ಟೆ ಕೂಡ ನಲುಗದ ಹಾಗೆ ಇಟ್ಟ. "ಇಲ್ಲೇನಾ? ಇಲ್ಲಿ ಅಣ್ಣಾ?" "ಹ್ಞೂ, ಅಲ್ಲೇ. ಸ್ವಲ್ಪ ಕೆಳಗೆ."

ಬಲಗಡೆಯದ್ದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಔಷಧಿಯ ನಿದ್ದೆ ಬಂತು. "ಎಡಗಡೇದು ಆಮೇಲೆ ಹೇಳ್ತೀನಿ ಇರೋ" ಅಂದ. ಕಣ್ಣು ಮುಚ್ಚಿದ. ತಮ್ಮ ಕೈ ತೆಗೆಯಲಿಲ್ಲ.

ಆಮೇಲೆ ಅವನಿಗೆ ಸರಿಯಾಗಿ ಎಚ್ಚರವಾಗಲೇ ಇಲ್ಲ. ಮಾರನೆಯ ದಿನ ಮಧ್ಯಾಹ್ನ, ಹೊರಗೆ ರಸ್ತೆಯಲ್ಲಿ ಯಾರೋ ತರಕಾರಿ ಕೂಗುತ್ತಿರುವಾಗ, ಉಸಿರು ನಿಂತಿತು. ಟವೆಲ್ ಅವನ ತಲೆಯ ಹತ್ತಿರ ಮಡಚಿದ್ದು ಮಡಚಿದ ಹಾಗೇ ಇತ್ತು.

ಎಲ್ಲ ಕೆಲಸ ಮುಗಿದು ಜನ ಕರಗಿದ ಮೇಲೆ ನಾನು ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದೆ. ತಮ್ಮ ಮುಂದಿನ ಕೋಣೆಗೆ ಹೋದದ್ದು ಕಂಡಿತು. ಮಂಚ ಖಾಲಿ. ಅತ್ತಿಗೆ ಅದರ ಅಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವನು ಅವಳ ಮುಂದೆ ನೆಲದ ಮೇಲೆ ಕೂತ. ಕ್ಷಮಿಸು ಅಂತ ಹೇಳುವವನಲ್ಲ ಅವನು, ಆ ಪದ ಅವನ ನಾಲಿಗೆಗೆ ಹೊರಳುವುದಿಲ್ಲ.

"ಅತ್ತಿಗೇ" ಅಂದ. "ಎಡಗಡೆ ಎಲ್ಲೆಲ್ಲಿ ನೋಯ್ತಿತ್ತು ಅವನಿಗೆ?"

ಅವಳು ಅವನನ್ನು ನೋಡಿದಳು. ಬೈಯಬಹುದಿತ್ತು. ಈಗ ಯಾಕೆ ಕೇಳ್ತೀಯಾ ಅನ್ನಬಹುದಿತ್ತು, ನಾನಾಗಿದ್ದರೆ ಅನ್ನುತ್ತಿದ್ದೆ. ಅವಳು ತನ್ನ ಎಡ ಭುಜದ ಮೇಲೆ ಕೈ ಇಟ್ಟುಕೊಂಡು, "ಇಲ್ಲಿಂದ ಶುರು ಆಗ್ತಿತ್ತು" ಅಂದಳು. ಆಮೇಲೆ ಕೈ ಕೆಳಗೆ ತರುತ್ತಾ ಹೋದಳು, ಒಂದೊಂದು ಕಡೆಯೂ ನಿಲ್ಲಿಸಿ, ಇಲ್ಲಿ ಹೀಗೆ, ಇಲ್ಲಿ ಹೀಗೆ ಅಂತ. ತಮ್ಮ ಒಂದನ್ನೂ ಬಿಡದೆ ಕೇಳಿಸಿಕೊಂಡ.